ಬಾಯಿ ಕಟ್ಟಿದ ಮಾತು

ಮಾರ್ಚ್ ೩, ಸೋಮವಾರ

ನನ್ನನ್ನು ಅಮಾನತು ಮಾಡಿದ್ದಾರೆ. ವಿಚಾರಣೆ ಮುಗಿಯುವ ತನಕ ಆಸ್ಪತ್ರೆಯೊಳಗೆ ಕಾಲಿಡುವಂತಿಲ್ಲ, ರೋಗಿಗಳನ್ನು ಭೇಟಿಯಾಗುವಂತಿಲ್ಲ, ವಿಷಯವನ್ನು ಹೊರಗೆ ಯಾರ ಹತ್ತಿರವೂ ಆಡುವಂತಿಲ್ಲ. ಆಡದೆ ಇದ್ದರೆ ನನ್ನ ತಲೆ ಸಿಡಿದುಹೋಗುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಓದುವವರು ಯಾರೂ ಇಲ್ಲ.

ಬೆಳಿಗ್ಗೆ ನನ್ನ ಸ್ಪೀಚ್ ಥೆರಪಿ ಕೋಣೆಯ ಬೀಗ ತೆಗೆದು, ರೋಗಿಗಳು ತಮ್ಮ ಬಾಯಿ ನೋಡಿಕೊಳ್ಳುವ ಕನ್ನಡಿ ಒರೆಸುತ್ತಿದ್ದೆ. ಮೇಲಿನಿಂದ ಕರೆ ಬಂತು. ಎಚ್.ಆರ್. ಅಧಿಕಾರಿ ಮೊಬೈಲನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದಳು. ಒತ್ತಿದಳು. ನನ್ನದೇ ದನಿ.

ಹೋದ ವಾರ ಪ್ರಾರ್ಥನಾ ಮಂದಿರದ ಹೆಂಗಸರ ಕೂಟದಲ್ಲಿ ಆಡಿದ ಮಾತು ಅದು. ಯಾರೋ ವಿಡಿಯೋ ಮಾಡಿ ಹರಿಬಿಟ್ಟಿದ್ದಾರೆ. ನಾನು ಹೇಳಿದ್ದು ಇಷ್ಟು: "ಗಂಡು ಗಂಡಿನ ಜೊತೆ ಸಂಸಾರ ಮಾಡೋದು ದೇವರ ಕಣ್ಣಲ್ಲಿ ಪಾಪ. ಇದನ್ನ ಹೇಳೋಕೆ ನಂಗೆ ಭಯ ಇಲ್ಲ. ನನ್ನ ಹತ್ರ ಅಂಥವನೊಬ್ಬ ಬರ್ತಾನೆ. ದೇವರು ಅವನ ಬಾಯಿ ಕಟ್ಟಿಬಿಟ್ಟಿದ್ದಾನೆ. ಅವನಿಗೆ ಮಾತು ಕಲಿಸೋಕೆ ಅದೇ ದೇವರು ನನ್ನನ್ನ ಇಟ್ಟಿದ್ದಾನೆ. ದಯೆ ಅಂದ್ರೆ ಇದು."

ಇದರಲ್ಲಿ ಬೈಗುಳ ಎಲ್ಲಿದೆ? ದಯೆಯ ಬಗ್ಗೆ ತಾನೆ ಹೇಳಿದ್ದು?

"ಯಾರ ಹೆಸರೂ ಹೇಳಿಲ್ಲ," ಅಂದೆ.

"ಲಕ್ವ ಹೊಡೆದು ಮಾತು ಹೋದ ಗಂಡಸು, ಜೊತೆಗೆ ಬರೋನೂ ಗಂಡಸು, ಬರೋದು ನಿಮ್ಮ ಹತ್ರ. ಈ ಊರಲ್ಲಿ ಅಂಥೋರು ಎಷ್ಟು ಜನ ಇದ್ದಾರೆ ಮೇಡಂ?"

"ಅದು ನನ್ನ ರಜಾದಿನ. ನನ್ನ ಪ್ರಾರ್ಥನಾ ಮಂದಿರ. ಅಲ್ಲಿ ನನ್ನ ನಂಬಿಕೆ ಹೇಳೋ ಹಕ್ಕೂ ನಂಗಿಲ್ವಾ?"

"ನಂಬಿಕೆ ನಿಮ್ಮದು. ರೋಗಿ ನಮ್ಮೋರು," ಅಂದಳು. ನನಗಿಂತ ಎಷ್ಟು ಚಿಕ್ಕವಳು. ದನಿ ಏರಿಸಲಿಲ್ಲ, ಅದೇ ಹೆಚ್ಚು ಉರಿಯಿತು.

ದೂರು ಕೊಟ್ಟವನು ಆ ಟೈಲರೇ. ಸಂಶಯವೇ ಇಲ್ಲ. ಆ ರೋಗಿಯನ್ನು ವಾರಕ್ಕೆ ಮೂರು ಸಲ ಕರೆದುಕೊಂಡು ಬರುವವನು ಅವನು. ರಿಜಿಸ್ಟರಿನಲ್ಲಿ ಸಂಬಂಧ ಎಂಬಲ್ಲಿ 'ಸ್ನೇಹಿತ' ಎಂದು ಬರೆಸಿದ್ದಾನೆ. ಸ್ನೇಹಿತನಂತೆ! ನಾನು ಅವನ ಮುಖಕ್ಕೆ ಒಂದು ದಿನ ಏನಾದರೂ ಅಂದಿದ್ದೇನೆಯೇ? ಹೊರಗಿನ ಬೆಂಚಿನಲ್ಲಿ ಕೂತಿದ್ದರೆ ನಾನೇ ಒಳಗೆ ಕರೆದು ಫ್ಯಾನಿನ ಕೆಳಗೆ ಕೂರಿಸಿದ್ದೆ. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ.

ಮಾರ್ಚ್ ೫, ಬುಧವಾರ

ಹಿರಿಯರು ಮನೆಗೇ ಬಂದಿದ್ದರು, ಜೊತೆಯಲ್ಲಿ ಒಬ್ಬ ವಕೀಲರು. ನಮ್ಮ ಮಂದಿರದ ಹಿರಿಯರು ಯಾರ ಮನೆಗೂ ಸುಮ್ಮನೆ ಬರುವವರಲ್ಲ. ಅತ್ತೆಗೆ ಸಂಭ್ರಮವೋ ಸಂಭ್ರಮ. ಕಿವಿ ಮಂದವಾದ್ದರಿಂದ ಇಡೀ ಬೀದಿಗೆ ಕೇಳುವ ಹಾಗೆ, "ನಮ್ಮ ಸೊಸೆ ದೇವರ ಮಾತಾಡಿ ಕೆಲಸ ಕಳ್ಕೊಂಡ್ಳು!" ಎಂದು ಹೇಳಿದರು.

"ನೀನು ಒಬ್ಳೇ ಅಲ್ಲಮ್ಮ," ಅಂದರು ಹಿರಿಯರು. "ಇವತ್ತು ನಿನ್ನ ಬಾಯಿ ಮುಚ್ಚಿಸಿದ್ರು. ನಾಳೆ ನಮ್ಮೆಲ್ಲರದೂ ಮುಚ್ಚಿಸ್ತಾರೆ."

ಅವರು ಹೋದ ಮೇಲೆ ಎದೆಯ ಭಾರ ಅರ್ಧ ಇಳಿದ ಹಾಗಾಯಿತು. ನಮ್ಮವರು ಕೆಲಸದಿಂದ ಬಂದು, ಲಿಫ್ಟಿನ ಗ್ರೀಸು ಹತ್ತಿದ ಕೈ ಉಜ್ಜಿ ತೊಳೆಯುತ್ತಾ ಎಲ್ಲ ಕೇಳಿಸಿಕೊಂಡರು. ಕೊನೆಗೆ ಒಂದೇ ಮಾತು ಕೇಳಿದರು.

"ಆ ಮನುಷ್ಯ ಅದನ್ನ ನೋಡಿದ್ನಾ?"

"ಯಾರು?"

"ಮಾತು ಬರದೇ ಇರೋನು."

ನನಗೆ ಸಿಟ್ಟು ಬಂತು. ಹೆಂಡತಿಯ ಕೆಲಸ ಹೋಗುತ್ತಿದೆ, ಇವರಿಗೆ ಊರವರ ಚಿಂತೆ.

ಮಾರ್ಚ್ ೯, ಭಾನುವಾರ

ಮಂದಿರದಲ್ಲಿ ನನ್ನನ್ನು ವೇದಿಕೆಗೆ ಕರೆದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುದುಕಿಯೊಬ್ಬಳು ನನ್ನ ಕೈ ಹಿಡಿದು ಅತ್ತಳು. ಆ ಒಂದು ಗಳಿಗೆ ನನಗೆ ಯಾರ ಭಯವೂ ಇರಲಿಲ್ಲ.

ಮನೆಗೆ ಬಂದರೆ ಫೋನಿನ ತುಂಬ ಗುರುತಿಲ್ಲದವರ ಸಂದೇಶ. ಅರ್ಧ ಆಶೀರ್ವಾದ, ಅರ್ಧ ಶಾಪ. 'ನಿನ್ನ ನಾಲಿಗೆ ಬಿದ್ದುಹೋಗಲಿ' ಎಂದು ಒಬ್ಬ. ನಾಲಿಗೆ ಬಿದ್ದುಹೋಗುವುದು ಅಂದರೆ ಏನು ಅಂತ ಅವನಿಗೇನು ಗೊತ್ತು? ನಾನು ದಿನಾ ನೋಡುತ್ತೇನೆ. ನೋಡುತ್ತಿದ್ದೆ.

ನಾಳೆ ಸೋಮವಾರ. ಆ ರೋಗಿ ಬರುವ ದಿನ. 'ನೀರು' ಅನ್ನುವುದರಲ್ಲಿ 'ನೀ' ಬಂದಿತ್ತು. ರಾಗ ಹಾಕಿ ಹೇಳಿಸಿದರೆ 'ರು' ಕೂಡ ತುಟಿಯ ತುದಿಯಲ್ಲಿತ್ತು. ಲಕ್ವವಾದ ಮೊದಲ ತಿಂಗಳುಗಳಲ್ಲಿ ಅಭ್ಯಾಸ ಬಿಟ್ಟರೆ ಬಂದ ಮಾತೂ ಹಿಂದೆ ಬಿದ್ದ ಹಾಗೆಯೇ. ನನ್ನ ಜಾಗಕ್ಕೆ ಯಾರನ್ನು ಹಾಕಿದ್ದಾರೋ.

ಮಾರ್ಚ್ ೧೩, ಗುರುವಾರ

ಟೈಲರ್ ಬಂದಿದ್ದ.

ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ನಿಂತಿದ್ದಾನೆ. ಕುತ್ತಿಗೆಯಲ್ಲಿ ಅಳತೆಪಟ್ಟಿ ಹಾಗೇ ಇತ್ತು, ತೆಗೆಯುವುದನ್ನು ಮರೆತು ಬಂದಿದ್ದಿರಬೇಕು. ಜಗಳಕ್ಕೆ ಬಂದ ಅಂದುಕೊಂಡೆ. ಬಾಗಿಲನ್ನು ಅರ್ಧ ಮುಂದೆ ಮಾಡಿಯೇ ಹಿಡಿದಿದ್ದೆ.

"ದೂರು ಕೊಟ್ಟಿದ್ದು ನಾನಲ್ಲ ಮೇಡಂ," ಅಂದ. "ಅದನ್ನ ಮೊದ್ಲು ಹೇಳ್ಬಿಡ್ತೀನಿ. ನಿಮ್ಮ ಆಸ್ಪತ್ರೆಯವರೇ ಯಾರೋ ಕೊಟ್ಟಿದ್ದು. ನನ್ನ ಕೇಳಿದ್ರು, ನಾನು ಏನೂ ಬರೆದುಕೊಟ್ಟಿಲ್ಲ."

"ಮತ್ತೆ ಯಾಕೆ ಬಂದ್ರಿ?"

"ಅಲ್ಲಿ ಬೇರೆ ಯಾರೂ ಇಲ್ಲ. ಬೇರೆ ಊರಿಗೆ ಹೋಗಿ ಅಂತಾರೆ. ಬಸ್ಸಲ್ಲಿ ಅವರನ್ನ ಕೂರಿಸೋಕೆ ಆಗಲ್ಲ, ಬಲಗಡೆ ಪೂರ್ತಿ ಬಿದ್ದುಹೋಗಿದೆ, ನಿಮಗೇ ಗೊತ್ತಲ್ಲ. ಬಂದಿದ್ದ ಮಾತೂ ಹೋಗ್ತಾ ಇದೆ. 'ನೀ' ಕೂಡ ಹೋಯ್ತು."

ನನ್ನ ಕೈ ಬಾಗಿಲ ಚಿಲಕದ ಮೇಲೇ ಇತ್ತು.

"ನೀವು ನಮ್ಮನ್ನ ಒಪ್ಪಿ ಅಂತ ಕೇಳೋಕೆ ಬಂದಿಲ್ಲ ಮೇಡಂ. ಏನು ಬೇಕಾದ್ರೂ ಅಂದ್ಕೊಳ್ಳಿ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿ ಅದು. ಅವರಿಗೆ ಮಾತು ಬರ್ಬೇಕು, ಅಷ್ಟೇ."

"ನೋಡಿದ್ರಾ ಅವರು? ವಿಡಿಯೋ?"

"ಇಲ್ಲ. ಫೋನ್ ಕೈಗೆ ಸಿಗದ ಹಾಗೆ ಇಟ್ಟಿದ್ದೀನಿ. ನಿಮಗೆ ಕಾಲು ಉಳುಕಿದೆ, ಅದಕ್ಕೇ ರಜೆ ಅಂತ ಹೇಳಿದ್ದೀನಿ."

ಆಗುವುದಿಲ್ಲ, ರೋಗಿಯನ್ನು ನೋಡಿದರೆ ಇರುವ ಕೆಲಸವೂ ಹೋಗುತ್ತದೆ ಅಂದೆ. ಅದು ನಿಜ. ಅವನು ತಲೆಯಾಡಿಸಿ ಹೊರಟುಹೋದ. ಒಳಗಿನಿಂದ ಅತ್ತೆ, "ಯಾರೇ ಅದು?" ಎಂದು ಕೂಗಿದರು. "ಟೈಲರ್" ಅಂದೆ. "ಮತ್ತೆ ನನ್ನ ದಿಂಬಿನ ಕವರು ಯಾಕೆ ಕೊಡ್ಲಿಲ್ಲ?" ಅಂದರು.

ಮಾರ್ಚ್ ೧೪

ಹೋಗಲಿಲ್ಲ. ಹೋಗುವುದೂ ಇಲ್ಲ.

ಮಾರ್ಚ್ ೧೮, ಮಂಗಳವಾರ

ಹೋಗಿದ್ದೆ. ಪಾಪಿಯ ಮನೆಗೂ ವೈದ್ಯ ಹೋಗಬೇಕು ಎಂದು ಪವಿತ್ರ ಗ್ರಂಥದಲ್ಲೇ ಇರುವಾಗ ಎಚ್.ಆರ್. ನಿಯಮ ದೊಡ್ಡದೇ? ಇದನ್ನು ಯಾರಿಗೂ ಹೇಳಿಲ್ಲ. ನಮ್ಮವರಿಗೂ.

ಕೆಳಗೆ ಹೊಲಿಗೆ ಅಂಗಡಿ, ಮೇಲೆ ಎರಡು ಕೋಣೆ. ಕಡಿದಾದ ಮೆಟ್ಟಿಲು. ಒಂದೇ ಮಂಚ. ನೋಡಬಾರದೆಂದರೂ ಕಣ್ಣು ಅಲ್ಲಿಗೇ ಹೋಯಿತು. ಮಂಚದ ಒಂದು ಬದಿಗೆ ಟೈಲರ್ ಮರದ ಕಟಕಟೆ ಹೊಡೆದಿದ್ದಾನೆ, ರೋಗಿ ಹೊರಳಿ ಬೀಳದಿರಲಿ ಎಂದು. ಹಾಸಿಗೆಗೆ ಒಂದು ಸುಕ್ಕಿಲ್ಲ. ಇಷ್ಟು ತಿಂಗಳು ಮಲಗಿದವನ ಬೆನ್ನಿನಲ್ಲಿ ಒಂದು ಹುಣ್ಣಿಲ್ಲ. ನಮ್ಮ ವಾರ್ಡಿನಲ್ಲಿ ಹಾಗೆ ಇಟ್ಟುಕೊಳ್ಳಲು ಎಷ್ಟು ಜನ ನರ್ಸುಗಳು ಬೇಕು.

ರೋಗಿ ನನ್ನನ್ನು ಕಂಡದ್ದೇ ಎಡಗೈ ಎತ್ತಿ ನಕ್ಕ. ಬಾಯಿ ಒಂದೇ ಕಡೆ ಅರಳುತ್ತದೆ. ಆಮೇಲೆ ನನ್ನ ಕಾಲಿನ ಕಡೆ ಬೆರಳು ತೋರಿಸಿ ಹುಬ್ಬೇರಿಸಿದ. ಕಾಲು ಉಳುಕಿದ ವಿಷಯ ನನಗೆ ಮರೆತೇಹೋಗಿತ್ತು! ಬಾಗಿಲಿನಿಂದ ಕುರ್ಚಿಯವರೆಗೆ ಕುಂಟಿಕೊಂಡು ಹೋದೆ. ಎಡಗಾಲೋ ಬಲಗಾಲೋ ಗೊತ್ತಿಲ್ಲದೆ ಟೈಲರ್ ಮುಖ ನೋಡಿದರೆ ಅವನು ಕಿಟಕಿಯ ಆಚೆ ನೋಡುತ್ತಿದ್ದ, ನಗು ತಡೆದುಕೊಂಡು. ನನಗೂ ನಗು ಬಂದುಬಿಟ್ಟಿತು. ಈ ಎರಡು ವಾರದಲ್ಲಿ ಮೊದಲ ಸಲ.

'ನೀ' ಮರಳಿ ಬಂತು.

ಮಾರ್ಚ್ ೨೨, ಶನಿವಾರ

ಖಾಸಗಿ ಕ್ಲಿನಿಕ್ಕೊಂದರಲ್ಲಿ ಕೆಲಸ ಕೇಳಲು ಹೋಗಿದ್ದೆ. ಡಾಕ್ಟರು ಕೂರಿಸಿ, ಟೀ ತರಿಸಿ, ಚೆನ್ನಾಗಿ ಮಾತಾಡಿದರು. ಹೊರಡುವಾಗ, "ಆ ವಿಡಿಯೋದಲ್ಲಿ ಇರೋದು ನೀವೇ ಅಲ್ವಾ?" ಅಂದರು. ಅಷ್ಟೇ. ಟೀ ಲೋಟ ಅರ್ಧದಲ್ಲೇ ಬಿಟ್ಟು ಬಂದೆ.

ಪಕ್ಕದ ಮನೆಯವಳು ನನ್ನನ್ನು ಕಂಡರೆ ಒಳಗೆ ಹೋಗುತ್ತಾಳೆ. ನಮ್ಮವರು ಕೆಲಸ ಮಾಡುವ ಕಡೆಯೂ ಯಾರೋ ಏನೋ ಅಂದಿದ್ದಾರೆ. ಹೇಳುತ್ತಿಲ್ಲ, ಆದರೆ ಊಟದಲ್ಲಿ ಗೊತ್ತಾಗುತ್ತದೆ. ಏನು ಬಡಿಸಿದರೂ ಸಾಕು ಎನ್ನುತ್ತಾರೆ. ಹದಿನೆಂಟು ವರ್ಷ ಕಲಿತು ಮಾಡಿದ ಕೆಲಸ. ಬೇರೆ ಏನು ಬರುತ್ತದೆ ನನಗೆ?

ಪ್ರಾರ್ಥನೆಗೆ ಕೂತರೆ ಮಾತು ಏಳುತ್ತಿಲ್ಲ.

ಮಾರ್ಚ್ ೨೯, ಶನಿವಾರ

ಇವತ್ತು ಆದದ್ದನ್ನು ಬರೆದಿಡಬೇಕು.

ಲಕ್ವವಾದವರಿಗೆ ದಿನಾ ಆಡಿ ಆಡಿ ರೂಢಿಯಾದ ಮಾತು ಬೇಗ ಮರಳುತ್ತದೆ. ಹೆಸರುಗಳು ಅದರಲ್ಲಿ ಮೊದಲು. ಅದಕ್ಕೇ ಟೈಲರನ್ನು ಕೇಳಿದೆ, "ಮೇಷ್ಟ್ರು ನಿಮ್ಮನ್ನ ಏನಂತ ಕರೀತಿದ್ರು?" ಅವರು ಕೆಂಪಾಗಿ, ಕತ್ತರಿ ಕೆಳಗಿಟ್ಟು, ಮತ್ತೆ ಎತ್ತಿಕೊಂಡರು.

"ಹೆಸರು ಹಿಡಿದು ಕರೀತಿರ್ಲಿಲ್ಲ ಮೇಡಂ. 'ಇವನೇ' ಅಂತಿದ್ರು."

"ಅಷ್ಟೇನಾ?"

"ಅಷ್ಟೇ. 'ಇವನೇ, ಕನ್ನಡಕ ಎಲ್ಲಿಟ್ಟೆ?' 'ಇವನೇ, ಬಾಗಿಲು ಹಾಕಿದ್ಯಾ?' ಅಂಗಡಿ ತನಕ ಕೇಳ್ತಿತ್ತು."

ನಾನೂ ನಮ್ಮವರ ಹೆಸರು ಹಿಡಿದು ಕರೆದವಳಲ್ಲ. ಒಂದು ದಿನವೂ. ಅವರಿಗೆ ಯಾವತ್ತಾದರೂ ನನ್ನ 'ರೀ' ಕೇಳಿಸದೆ ಹೋದರೆ? ಏನೇನೋ ಯೋಚನೆ.

ಮೇಷ್ಟ್ರ ಎಡಗೈಯನ್ನು ಮಂಚದ ಪಟ್ಟಿಯ ಮೇಲೆ ತಾಳ ಹಾಕಿಸುತ್ತಾ 'ಇವ-ನೇ, ಇವ-ನೇ' ಎಂದು ಎಳೆದು ಹೇಳಿಸಿದೆ. ಎಷ್ಟು ಹೊತ್ತು ಹೋಯಿತೋ. ಬಿಟ್ಟುಬಿಟ್ಟೆವು. ಟೈಲರ್ ಅಂಗಡಿಗೆ ಯಾರೋ ಬಂದರೆಂದು ಕೆಳಗೆ ಇಳಿಯುತ್ತಿದ್ದರು. ಹಿಂದಿನಿಂದ ಬಂತು. "ಇವ್ನೇ." ಒರಟಾಗಿ, ಗದರಿಸುವ ಹಾಗೆ.

ಅವರು ಮೆಟ್ಟಿಲ ಮೇಲೇ ಕೂತುಬಿಟ್ಟರು. ಕೆಳಗೆ ಗಿರಾಕಿ ಕರೆಯುತ್ತಲೇ ಇದ್ದ. ಕೊನೆಗೆ ನಾನೇ ಇಳಿದು ಹೋಗಿ, ಪ್ಯಾಂಟು ನಾಳೆ ಬಂದು ತೆಗೆದುಕೊಳ್ಳಿ ಎಂದು ಹೇಳಿ ಕಳಿಸಿದೆ.

ಏಪ್ರಿಲ್ ೩, ಗುರುವಾರ

ಹಿರಿಯರು ಹೇಳಿ ಕಳಿಸಿದ್ದರು. ಹದಿಮೂರನೇ ತಾರೀಕು ದೊಡ್ಡ ಸಭೆ ಮಾಡುತ್ತಾರೆ. 'ನಮ್ಮ ಬಾಯಿ ಕಟ್ಟಬೇಡಿ' ಎಂದು ಹೆಸರಿಟ್ಟಿದ್ದಾರೆ. ನಾನೇ ಮುಖ್ಯ ಭಾಷಣ ಮಾಡಬೇಕಂತೆ.

"ಆ ರೋಗಿಯ ವಿಷಯ ಬಿಟ್ಟು ಮಾತಾಡ್ತೀನಿ," ಅಂದೆ.

"ಅದೇ ಅಲ್ವೇನಮ್ಮ ಮುಖ್ಯ? ದೇವರು ಬಾಯಿ ಕಟ್ಟಿದ ಅನ್ನೋ ಆ ಒಂದು ಮಾತು ಜನರ ಎದೆಗೆ ಹೋಗಿ ನಾಟಿದೆ."

"ಅವರು ಒಬ್ಬ ಮೇಷ್ಟ್ರು," ಅಂದೆ. ಯಾಕೆ ಅಂದೆನೋ.

"ಇದ್ರೆ ಏನೀಗ?" ಅಂದರು ಹಿರಿಯರು. ಗಂಟಲು ಸರಿಯಿಲ್ಲ, ಆಮೇಲೆ ಹೇಳುತ್ತೇನೆ ಎಂದು ಎದ್ದು ಬಂದೆ.

ಏಪ್ರಿಲ್ ೮, ಮಂಗಳವಾರ

ವಿಚಾರಣೆ ಆಯಿತು. ಎಲ್ಲ ಮುಗಿಯಿತು.

ಉದ್ದನೆಯ ಮೇಜು. ಮೂವರು ಅವರ ಕಡೆ, ನನ್ನ ಪಕ್ಕದಲ್ಲಿ ವಕೀಲರು. ಎಚ್.ಆರ್. ಅಧಿಕಾರಿ ಒಂದು ಕಾಗದ ಮುಂದೆ ತಳ್ಳಿದಳು. ರೋಗಿಯ ವಿಷಯ ಬಹಿರಂಗವಾಗಿ ಆಡಿದ್ದಕ್ಕೆ ಕ್ಷಮೆ ಕೇಳುತ್ತೇನೆ, ನನ್ನ ಅಭಿಪ್ರಾಯ ತಪ್ಪೆಂದು ಮನಗಂಡು ಅದನ್ನು ಕೈಬಿಟ್ಟಿದ್ದೇನೆ, ಮುಂದೆ ಎಲ್ಲಿಯೂ ಇಂಥ ಮಾತು ಆಡುವುದಿಲ್ಲ. ಸಹಿ ಹಾಕಿದರೆ ಎಚ್ಚರಿಕೆ ಕೊಟ್ಟು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ.

"ಮೊದಲನೇದಕ್ಕೆ ಸಹಿ ಹಾಕ್ತೀನಿ," ಅಂದೆ. "ರೋಗಿ ವಿಷಯ ನಾನು ಆಡಬಾರದಿತ್ತು. ಅದು ತಪ್ಪು, ದೊಡ್ಡ ತಪ್ಪು. ಎರಡನೇದು ಹೊಡೆದುಹಾಕಿ."

"ಯಾಕೆ?"

"ನನ್ನ ಒಳಗೆ ಏನಿದೆ ಅಂತ ನಂಗೇ ಈಗ ಸರಿಯಾಗಿ ಗೊತ್ತಿಲ್ಲ. ಕೈಬಿಟ್ಟಿದ್ದೀನಿ ಅಂತ ಹೇಗೆ ಬರೆದುಕೊಡ್ಲಿ? ಕೆಲಸಕ್ಕೋಸ್ಕರ ಸುಳ್ಳು ಬರೆದ್ರೆ ನಾಳೆ ಆ ಕೈಯಲ್ಲೇ ಅವರ ಕೈ ಹಿಡಿದು ತಾಳ ಹಾಕಿಸ್ಬೇಕು."

ವಕೀಲರು ಖುಷಿಯಿಂದ ಪೆನ್ನು ತೆಗೆದರು. ಇದೇ ಬೇಕಿತ್ತು ಅವರಿಗೆ. ಆದರೆ ಮೂವರಲ್ಲಿ ವಯಸ್ಸಾದ ಡಾಕ್ಟರೊಬ್ಬರು ಮೆಲ್ಲಗೆ ಕೇಳಿದರು, "ನಾಳೆ ಅಂದ್ರಿ. ಅಮಾನತಿನಲ್ಲಿದ್ದಾಗ ಆ ರೋಗಿಯನ್ನ ನೋಡೋಕೆ ಹೋಗಿದ್ರಾ?"

ಇಲ್ಲ ಎಂದರೆ ಆಗುತ್ತಿತ್ತು. ನೋಡಿದವರು ಯಾರೂ ಇರಲಿಲ್ಲ. ವಕೀಲರು ಮೇಜಿನ ಕೆಳಗೆ ನನ್ನ ಕಾಲು ತುಳಿದರು.

"ಹೋಗಿದ್ದೆ," ಅಂದೆ. "ವಾರಕ್ಕೆ ಮೂರು ಸಲ."

ಅಧಿಕಾರಿ ತಲೆ ತಗ್ಗಿಸಿ ಬರೆದುಕೊಂಡಳು. ಆ ಹುಡುಗಿಯ ಕಣ್ಣಲ್ಲಿ ಗೆದ್ದೆನೆಂಬ ಭಾವ ಇರಲಿಲ್ಲ. "ಯಾಕೆ ಹೇಳಿದ್ರಿ ಮೇಡಂ," ಎಂದು ಮೆಲ್ಲಗೆ ಅಂದಳು.

ನಿಯಮ ಮುರಿದದ್ದಕ್ಕೆ ವಜಾ. ಮಾತಾಡಿದ್ದಕ್ಕಲ್ಲ.

ಏಪ್ರಿಲ್ ೯, ಬುಧವಾರ

ವಕೀಲ ಫೋನಿನಲ್ಲಿ ಕೂಗಾಡಿದ. "ಅವರ ಮನೆಗೆ ಹೋಗಿ ಸೇವೆ ಮಾಡ್ತಿದ್ರಂತೆ! ಇನ್ನು ಯಾವ ಬಾಯಲ್ಲಿ ನಂಬಿಕೆಗೋಸ್ಕರ ಕೆಲಸ ಕಳ್ಕೊಂಡ್ರಿ ಅಂತ ವಾದ ಮಾಡ್ಲಿ?" ಕೇಸು ಬಿಟ್ಟುಬಿಟ್ಟನಂತೆ. ಮಂದಿರದ ಆ ಹಿರಿಯ ಮನುಷ್ಯ ನನ್ನ ಕರೆಯನ್ನೇ ತೆಗೆಯುತ್ತಿಲ್ಲ.

ಸುದ್ದಿ ಅತ್ತೆಯ ಕಿವಿಗೂ ಹೋಗಿದೆ. ಯಾವುದೂ ಕೇಳಿಸದ ಕಿವಿಗೆ ಇದು ಹೇಗೆ ಕೇಳಿಸಿತೋ. ನಾನು ಇಟ್ಟ ತಟ್ಟೆ ಮುಟ್ಟಲಿಲ್ಲ. ಮಗ ಬಡಿಸಿದ ಮೇಲೆ ತಿಂದರು.

ಇಡೀ ಮಧ್ಯಾಹ್ನ ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಕೂತಿದ್ದೆ. ಎದ್ದು ಬಂದು ಏನು ಮಾಡಬೇಕು? ಯಾರ ಹತ್ತಿರ ಹೋಗಬೇಕು? ಆಸ್ಪತ್ರೆಯವರಿಗೆ ನಾನು ಬೇಡ, ಮಂದಿರದವರಿಗೆ ನಾನು ಬೇಡ. ಈ ಊರಿನಲ್ಲಿ ನನಗಾಗಿ ಕಾಯುವ ಒಂದೇ ಮನೆ ಅಂದರೆ ಆ ಮೆಟ್ಟಿಲು ಹತ್ತಿದರೆ ಸಿಗುವುದು. ನಾಳೆ ಅಲ್ಲಿಗೆ ಹೋಗಬೇಕು ಅನ್ನುವುದೊಂದರಿಂದ ಎದ್ದೆ.

ಏಪ್ರಿಲ್ ೧೪, ಸೋಮವಾರ

ನಿನ್ನೆ ಸಭೆ ನಡೆಯಿತಂತೆ, ನಾನಿಲ್ಲದೆ. ನನ್ನ ಬದಲು ನನ್ನ ವಿಡಿಯೋ ದೊಡ್ಡ ಪರದೆಯ ಮೇಲೆ ಹಾಕಿದರಂತೆ. ಅದು ಮತ್ತೆ ಎಲ್ಲರ ಫೋನಿಗೆ ಹರಿಯಿತು.

ಇವತ್ತು ಮೆಟ್ಟಿಲು ಹತ್ತುವಾಗ ಹೊಲಿಗೆ ಯಂತ್ರದ ಸದ್ದಿರಲಿಲ್ಲ. ಟೈಲರ್ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದರು. "ಹಳೇ ವಿದ್ಯಾರ್ಥಿ ಒಬ್ಬ ನೋಡೋಕೆ ಬಂದಿದ್ದ," ಅಂದರು. "ಪಾಪ, ಮೇಷ್ಟ್ರ ಪರವಾಗಿ ಸಿಟ್ಟು ಬಂದು ವಿಡಿಯೋ ತೋರಿಸಿಬಿಟ್ಟಿದ್ದಾನೆ. ನಾನು ಕೆಳಗಿದ್ದೆ."

ಮೇಷ್ಟ್ರು ಮಂಚದ ಮೇಲೆ ನೆಟ್ಟಗೆ ಕೂತಿದ್ದರು. ತಲೆ ಬಾಚಿ, ತೊಳೆದ ಅಂಗಿ ಹಾಕಿಕೊಂಡಿದ್ದರು. ನನ್ನನ್ನು ಕಂಡು ಕೈ ಎತ್ತಲಿಲ್ಲ.

ನಾನು ಏನೋ ಹೇಳಲು ಹೋದೆ. ಕ್ಷಮಿಸಿ ಅನ್ನಬೇಕೆಂದಿದ್ದೆ, ದಯೆಯ ಬಗ್ಗೆ ಹೇಳಿದ್ದು ಅನ್ನಬೇಕೆಂದಿದ್ದೆ. ಅವರು ಎಡಗೈ ಅಡ್ಡ ಹಿಡಿದು ತಡೆದರು. ಪದ ಹುಡುಕಲು ಶುರುಮಾಡಿದರು. ತುಟಿ ಅಲುಗಿತು, ನಿಂತಿತು. ಕುತ್ತಿಗೆಯ ನರ ಉಬ್ಬಿತು. ಟೈಲರ್ ಮುಂದೆ ಬಂದರು. ನಾನೇ ಅವರ ತೋಳು ಹಿಡಿದು ನಿಲ್ಲಿಸಿದೆ, ಪದ ಕೊಡಬೇಡಿ, ಕಾಯಿರಿ ಎಂದು. ರೂಢಿ. ಕೈ ತಾನಾಗಿಯೇ ಹೋಯಿತು.

"ನೀವು," ಅಂದರು ಮೇಷ್ಟ್ರು. ಬಹಳ ಹೊತ್ತು ಬಿಟ್ಟು, "ನನ್ನ... ಮನೆಗೆ... ಇನ್ನು... ಬರ್ಬೇಡಿ."

ಎದುರಿಗೆ ನಿಂತು ಪೂರ್ತಿ ಕೇಳಿಸಿಕೊಂಡೆ. ಆಯಿತು ಅಂದೆ.

ಟೈಲರ್ ಬೀದಿಯ ತನಕ ಹಿಂದೆಯೇ ಬಂದರು. ಬೈಯುತ್ತಾರೆ ಅಂದುಕೊಂಡೆ. "ಮುಂದೆ ನಾನೇ ಹೇಳಿಸ್ತೀನಿ. ಏನು ಮಾಡ್ಬೇಕು ಹೇಳಿಬಿಡಿ," ಅಂದರು. ಬಸ್ಸು, ಸ್ಕೂಟರುಗಳ ಗದ್ದಲದಲ್ಲಿ ಅಂಗಡಿಯ ಮುಂದೆ ನಿಂತು ನನಗೆ ಗೊತ್ತಿರುವುದೆಲ್ಲವನ್ನೂ ಹೇಳಿದೆ. ಚಿಕ್ಕ ಮಾತಿನಿಂದ ದೊಡ್ಡ ಮಾತಿಗೆ ಹೇಗೆ ಹೋಗಬೇಕು, ದಣಿದಾಗ ಯಾವಾಗ ಬಿಡಬೇಕು, ಸಿಟ್ಟು ಬಂದರೆ ಬರಲಿ, ಸಿಟ್ಟಿನಲ್ಲಿ ಮಾತು ಚೆನ್ನಾಗಿ ಏಳುತ್ತದೆ. ಎರಡು ಸಲ ಹೇಳಿಸಿಕೊಂಡರು. ಆಮೇಲೆ ಮೇಲೆ ಹೋದರು. ನಾನು ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ, ಯಾವ ಕಡೆ ನಡೆಯಬೇಕೆಂದು ತಿಳಿಯದೆ.

ಮನೆಯಲ್ಲಿ ನಮ್ಮವರು ಆಗಲೇ ಬಂದಿದ್ದರು. ನನ್ನ ಮುಖ ನೋಡಿ ಟಿ.ವಿ. ಆರಿಸಿದರು.

"ಏನಾಯ್ತೇ?"

"ಮೇಷ್ಟ್ರು ಮಾತಾಡಿದ್ರು. ಪೂರ್ತಿ ವಾಕ್ಯ. ಯಾರೂ ಹೇಳಿಕೊಡ್ಲಿಲ್ಲ."

"ಏನಂದ್ರು?"

ಹೇಳಿದೆ. ಅವರು ನನ್ನ ಪಕ್ಕದಲ್ಲಿ ಬಂದು ಕೂತರು. ತಮಗೇ ನಂಬಿಕೆಯಾಗದ ಹಾಗೆ ಕೇಳಿದರು.

"ನಿನ್ನನ್ನ ಬರಬೇಡ ಅಂದ್ರಾ?"

"ಬರಬೇಡ ಅಲ್ಲ. ಬರಬೇಡಿ ಅಂದ್ರು," ಅಂದೆ.